ಐದನೇ ಪ್ರಶ್ನೆಯ ಮಳೆಗಾಲ

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ನಾವು ಮೂವರು ಕೂತಿದ್ದೆವು. ನಾನು, ನನ್ನ ಜೊತೆ ಬಹಳ ವರ್ಷ ಜೈಲಿನಲ್ಲಿ ಕೆಲಸ ಮಾಡಿ ನನಗಿಂತ ಮೊದಲು ನಿವೃತ್ತರಾದ ಹೆಡ್ ವಾರ್ಡರ್ ಬಸವರಾಜಪ್ಪ, ಮತ್ತು ಗಿರಾಕಿ ಹೆಚ್ಚಿಲ್ಲದೆ ಬೇಜಾರಾಗಿ ನಮ್ಮ ಮೇಜಿಗೇ ಬಂದು ಕೂತಿದ್ದ ಹೋಟೆಲಿನ ಯಜಮಾನರು. ಹೊರಗೆ ಮಳೆ ಹಿಡಿದು ಎರಡು ದಿನವಾಗಿತ್ತು. ಯಾರೋ ಕೂಲಿಯವರು ಒದ್ದೆ ಕಂಬಳಿಯನ್ನು ಒಳಗಿನ ಒಲೆಯ ಬಳಿ ಹರವಿ ಹೋಗಿದ್ದರು. ಅದು ಬಿಸಿಯಾಗುತ್ತಾ ಬಂದ ಹಾಗೆ ಹೋಟೆಲಿನ ತುಂಬ ಒಂದು ವಾಸನೆ ಎದ್ದಿತು. ಕುರಿಯ ಉಣ್ಣೆ, ಹೊಗೆ, ಬೆವರು, ಮುಗ್ಗಲು ಎಲ್ಲ ಸೇರಿದ ವಾಸನೆ.

ಬಸವರಾಜಪ್ಪ ಮೂಗು ಅರಳಿಸಿ, ವಿಭೂತಿ ಹಚ್ಚಿದ ಹಣೆ ಸುಕ್ಕು ಮಾಡಿ, "ಮಂಜಣ್ಣ, ನಮ್ಮ ಬ್ಯಾರಕ್ ವಾಸನೆ ಬಂತಲ್ಲೋ" ಅಂದರು.

"ಹೋಟ್ಲಲ್ಲಿ ಕೂತ್ಕೊಂಡು ಜೈಲು ವಾಸನೆ ಅಂತೀರಲ್ಲ ಮಾರಾಯ್ರೆ!" ಯಜಮಾನರು ಗಾಬರಿಯಿಂದ ಸುತ್ತ ನೋಡಿದರು. "ಇರೋ ಒಬ್ಬ ಗಿರಾಕಿ ಕೇಳಿಸ್ಕೊಂಡ್ರೆ ನನ್ ಗತಿ ಎಂತ?"

ನಕ್ಕೆವು. ಆದರೆ ಆ ವಾಸನೆ ನನ್ನನ್ನು ಅಲ್ಲಿ ಕೂರಲು ಬಿಡಲಿಲ್ಲ. ಒಂದು ಮಳೆಗಾಲ, ಅದರಲ್ಲೂ ಪುನರ್ವಸು ಮಳೆಯಿಂದ ಆಶ್ಲೇಷ ಮಳೆಯವರೆಗಿನ ಆರು ವಾರ, ಇದ್ದದ್ದು ಇದ್ದ ಹಾಗೆ ಎದುರಿಗೆ ಬಂದು ನಿಂತಿತು.

ಜೈಲು ಇದ್ದ ಊರಿನ ಹೆಸರು ಇಲ್ಲಿ ಬೇಕಿಲ್ಲ. ಸಣ್ಣ ಜೈಲು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಯ ವಿಚಾರಣಾಧೀನ ಕೈದಿಗಳು ಅಲ್ಲಿಗೆ ಬರುತ್ತಿದ್ದರು. ಹಂಚಿನ ಮಾಡಿನ ಎರಡು ಬ್ಯಾರಕ್ಕು, ಒಂದು ಒಂಟಿ ಸೆಲ್ಲು, ಒಂದು ಅಡುಗೆಮನೆ, ನಡುವೆ ಅಂಗಳ, ಅಂಗಳದಲ್ಲಿ ಒಂದು ಕೈಪಂಪು. ಬರುವವರಲ್ಲಿ ಹೆಚ್ಚಿನವರು ಬೇಲಿ ಜಗಳ, ಕುಡಿದು ಹೊಡೆದಾಟ, ಕಾಡಿನ ಮರದ ಕೇಸು ಇಂಥವರೇ. ನಮ್ಮ ಕೆಲಸವೂ ಸರಳ. ಬೆಳಿಗ್ಗೆ ತಲೆ ಎಣಿಸುವುದು, ಸಂಜೆ ತಲೆ ಎಣಿಸುವುದು. ಲೆಕ್ಕ ಸರಿ ಬಂದರೆ ದಿನ ಸರಿ. ತಲೆಯ ಒಳಗೆ ಏನಿದೆ ಎಂದು ಯಾರೂ ನಮ್ಮನ್ನು ಕೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಹೊಸ ಜೈಲರ್ ಬಂದರು. ರಾಯಚೂರು ಕಡೆಯ ಹೆಣ್ಣುಮಗಳು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಬಂದ ಮೊದಲ ವಾರ ನಮ್ಮ ಮಳೆ ನೋಡಿ, "ಇದ ಯಾವಾಗ ನಿಂದರ್ತದ್ರೀ?" ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದರು. ಎರಡನೇ ವಾರ ಒಂದು ಕಾಗದ ತಂದು ನಮ್ಮ ಮುಂದೆ ಇಟ್ಟರು. ಹೊಸದಾಗಿ ಬಂದ ಪ್ರತಿ ಕೈದಿಯನ್ನೂ ಅದೇ ದಿನ ಪಕ್ಕದಲ್ಲಿ ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ ಉತ್ತರ ಬರೆಯಬೇಕು. ಏನಾದರೂ ಔಷಧಿ ತಗೊಳ್ಳುತ್ತಾರಾ, ಕುಡಿತ ಇದೆಯಾ, ನಿದ್ದೆ ಬರುತ್ತದಾ, ಮನೆಯವರಿಗೆ ಸುದ್ದಿ ಮುಟ್ಟಿದೆಯಾ. ಇವು ನಾಲ್ಕು. ಐದನೆಯದನ್ನು ಓದಿ ಬಸವರಾಜಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಾಯಬೇಕು ಅಂತ ಅನ್ನಿಸುತ್ತಿದೆಯಾ?"

"ಮೇಡಂ, ಇದನ್ನ ಬಾಯಿಬಿಟ್ಟು ಕೇಳೋದಾ?" ಅಂದರು ಬಸವರಾಜಪ್ಪ.

"ಹೌದ್ರೀ. ಮತ್ತ ಹ್ಯಾಂಗ ಕೇಳ್ತೀರಿ?"

"ಪಾಪ, ಅವ್ನಿಗೆ ಆ ಯೋಚ್ನೆ ಇಲ್ದೇ ಇದ್ರೂ ನಾವೇ ನೆನಪು ಮಾಡಿ ಕೊಟ್ಟಂಗೆ ಆಗ್ತದಲ್ಲ!"

"ನಾನೂ ಹಂಗs ತಿಳದಿದ್ದೆ. ಟ್ರೇನಿಂಗಿನ್ಯಾಗ ಡಾಕ್ಟರು ಬಿಡಿಸಿ ಹೇಳಿದ್ರು. ಕೇಳಿದ್ರ ಹೊಸದಾಗಿ ಏನೂ ಹುಟ್ಟಂಗಿಲ್ಲ. ಒಳಗ ಇದ್ದದ್ದು ಹೊರಗ ಬರ್ತದ, ಅಷ್ಟ." ಕಾಗದವನ್ನು ಮತ್ತೆ ನಮ್ಮ ಕಡೆ ಸರಿಸಿ ಮೇಡಂ ಹೇಳಿದರು, "ನಾ ಹಿಂದ ಇದ್ದ ಕಡೆ ಒಬ್ಬನ್ನ ಕಳಕೊಂಡೀವಿ. ಅವನ ಕಾಗದದಾಗ ಎಲ್ಲಾ ಸರಿ ಅದ ಅಂತs ಬರದಿತ್ತು."

ಅವರು ಹೇಳಿದ್ದು ತಲೆಗೆ ಹೋಯಿತು. ನಾಲಿಗೆಗೆ ಹೋಗಲಿಲ್ಲ. ನನಗೆ ಮಾತು ಕಲಿಸಿದವಳು ನರಸಿಂಹರಾಜಪುರದ ನಮ್ಮ ಅಜ್ಜಮ್ಮ. ಅವಳ ಶಾಲೆಯಲ್ಲಿ ದೀಪ ಆರಿಸು ಅನ್ನುವ ಹಾಗಿರಲಿಲ್ಲ, ದೀಪ ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಹಾವು ಯಾರನ್ನೂ ಕಚ್ಚುತ್ತಿರಲಿಲ್ಲ, ಹುಳ ಮುಟ್ಟುತ್ತಿತ್ತು. ಇನ್ನು ಆ ಒಂದು ಶಬ್ದವನ್ನಂತೂ ತಮಾಷೆಗೆ ಅಂದರೂ ಮುಗಿಯಿತು. ಸೌದೆ ಹೊತ್ತು ತಂದು ಒಮ್ಮೆ "ಸತ್ತೇ ಹೋದೆ ಅಜ್ಜಮ್ಮ" ಅಂದದ್ದಕ್ಕೆ ತಲೆಗೊಂದು ಮೊಟಕಿ, "ಬಿಡ್ತು ಅನ್ನು! ಅನ್ನು ಮೊದ್ಲು!" ಎಂದು ಗದರಿದ್ದಳು. "ಬಿಡ್ತು" ಅಂದರೆ ಆಡಿದ ಕೆಟ್ಟ ಮಾತು ಬಿಟ್ಟು ಹೋಯಿತು ಎಂದು ಲೆಕ್ಕ. ನಮ್ಮ ಕಡೆ ಇವತ್ತಿಗೂ ಮನೆಮನೆಯಲ್ಲಿ ಹೀಗೆಯೇ. ಹಾಗೆ ಬೆಳೆದ ನಾಲಿಗೆ ಮೂವತ್ತು ಕಟ್ಟುಮಸ್ತು ಮನುಷ್ಯರನ್ನು ಗದರಬಹುದು, ಈ ಐದನೇ ಪ್ರಶ್ನೆಯನ್ನು ಕೇಳಲಾರದು.

ನಾವು ಕಂಡುಕೊಂಡ ದಾರಿ ಸುಲಭದ್ದು. ನಾಲ್ಕು ಪ್ರಶ್ನೆ ಕೇಳುತ್ತಿದ್ದೆವು. ಐದನೆಯದರ ಮುಂದೆ ನಾವೇ "ಇಲ್ಲ" ಎಂದು ಬರೆಯುತ್ತಿದ್ದೆವು. ಬರೆಯುವಾಗ ಒಂದು ಆಶೀರ್ವಾದ ಮಾಡಿದ ಹಾಗೆಯೂ ಅನ್ನಿಸುತ್ತಿತ್ತು.

ಪುನರ್ವಸು ಮಳೆ ಹಿಡಿದ ಮೂರನೇ ದಿನ ಪೊಲೀಸರು ಶೇಷಪ್ಪನನ್ನು ಕರೆತಂದರು. ನಲವತ್ತೆಂಟು ದಾಟಿದ ಗಟ್ಟಿ ಆಳು. ಕೆರೆಕಟ್ಟೆಯಿಂದ ಒಳಗೆ ಕಾಡಿನ ದಾರಿಯಲ್ಲಿ ಎಂಟು ಮೈಲಿ ನಡೆದರೆ ಸಿಗುವ ಹಳ್ಳಿಯವನು. ಅಲ್ಲಿಗೆ ಬಸ್ಸಿಲ್ಲ. ಹದಿನೆಂಟು ವರ್ಷದಿಂದ ಶೇಷಪ್ಪನ ಜೀಪೇ ಬಸ್ಸು, ಆಂಬುಲೆನ್ಸು, ಪಡಿತರದ ಗಾಡಿ ಎಲ್ಲ. ಹನ್ನೆರಡು ಜನರನ್ನು ತುಂಬಿಕೊಂಡು ಶೃಂಗೇರಿಯಿಂದ ವಾಪಸು ಬರುವಾಗ ಮಳೆಗೆ ರಸ್ತೆಯ ಅಂಚು ಕುಸಿದು ಜೀಪು ಹಳ್ಳಕ್ಕೆ ಮಗುಚಿತ್ತು. ಪಕ್ಕದ ಮನೆಯ ಗಿರಿಯಪ್ಪನವರ ಹೆಂಡತಿ ತೀರಿಕೊಂಡಿದ್ದರು. ಶೇಷಪ್ಪನ ಹೆಂಡತಿ ಸರೋಜಮ್ಮನೂ ಜೀಪಿನಲ್ಲಿದ್ದಳು, ಅವಳ ಕಾಲಿನ ಮೂಳೆ ಮುರಿದಿತ್ತು. ಬಾಡಿಗೆಗೆ ಓಡಿಸುವ ಪರವಾನಗಿ ಇರಲಿಲ್ಲ, ಮೇಲಿಂದ ಮಿತಿ ಮೀರಿದ ಜನ. ಪೊಲೀಸರು ಜಾಮೀನು ಸುಲಭಕ್ಕೆ ಸಿಗದ ದೊಡ್ಡ ಕಲಮನ್ನೇ ಹಾಕಿದ್ದರು.

ನಾನೇ ಕಾಗದ ತುಂಬಿಸಿದೆ. ಔಷಧಿ ಇಲ್ಲ, ಕುಡಿತ ಇಲ್ಲ. ನಿದ್ದೆ? "ಬತ್ತದೆ" ಅಂದ. ಮನೆಗೆ ಸುದ್ದಿ? "ಊರಿಗೇ ಗೊತ್ತಲ್ಲ" ಅಂದ. ಐದನೆಯದಕ್ಕೆ ಎಂದಿನಂತೆ ಬರೆದು ಮುಗಿಸಿದೆ.

ಅವನಷ್ಟು ತೊಂದರೆ ಕೊಡದ ಕೈದಿಯನ್ನು ನಾನು ನೋಡಿರಲಿಲ್ಲ. ಹೇಳುವ ಮೊದಲೇ ಎದ್ದು ಅಂಗಳ ಗುಡಿಸುತ್ತಿದ್ದ. ಕೈದಿಗಳನ್ನು ಕೋರ್ಟಿಗೆ ಒಯ್ಯುವ ವ್ಯಾನು ಗೇಟಿನ ಹೊರಗೆ ನಿಂತಿದ್ದರೆ ಒಳಗಿಂದಲೇ ಕಿವಿಗೊಟ್ಟು, "ಮಂಜಣ್ಣ, ಬೆಲ್ಟು ಸಡಿಲ ಆಗಿದೆ, ಘಾಟಿ ಇಳಿಯೋ ಮೊದ್ಲು ಬಿಗಿ ಮಾಡ್ಸಕ್ಕೆ ಹೇಳಿ" ಅನ್ನುತ್ತಿದ್ದ. ನೋಡಿಸಿದರೆ ನಿಜ. ಕಣ್ಣಿಗೆ ಕಾಣದ ಎಂಜಿನ್ನಿನ ಹೊಟ್ಟೆನೋವು ಇವನಿಗೆ ಗೋಡೆಯಾಚೆಯಿಂದ ತಿಳಿಯುತ್ತದಲ್ಲ ಎಂದು ನನಗೆ ಕೌತುಕ. ನಮಗೆ ಅವನ ಎದುರಿಗೇ ಕೂತರೂ ಏನೂ ಕೇಳಿಸುತ್ತಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ವಾರಕ್ಕೆ ಎರಡು ದಿನ ಮನೆಯವರ ಭೇಟಿ. ಆ ದಿನ ಶೇಷಪ್ಪ ಬೇಗ ಸ್ನಾನ ಮಾಡಿ, ಇದ್ದ ಒಂದೇ ಇಸ್ತ್ರಿಯ ಅಂಗಿ ತೊಟ್ಟು, ಬ್ಯಾರಕ್ಕಿನ ಬಾಗಿಲ ಬಳಿ ಕೂರುತ್ತಿದ್ದ. ಹೆಸರು ಕೂಗುತ್ತಿದ್ದೆವು. ಅವನ ಹೆಸರು ಬರುತ್ತಿರಲಿಲ್ಲ. ಸಂಜೆ ಅಂಗಿ ಬಿಚ್ಚಿ ಮಡಚಿ ಇಡುತ್ತಿದ್ದ. ಜೈಲಿನ ಫೋನಿನಿಂದ ಮನೆಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂದು ಒಬ್ಬಳು ಹೇಳುತ್ತಿದ್ದಳು. ಮೂರನೇ ವಾರ ಅವನು ಆ ಅಂಗಿ ತೊಡುವುದನ್ನು ಬಿಟ್ಟ.

ಆ ವಾರವೇ ಒಂದು ಬೆಳಿಗ್ಗೆ ನಾನು ಬೀಗ ತೆಗೆಯುವಾಗ, ಮಳೆ ನೋಡುತ್ತಾ, ಸುಮ್ಮನೆ ಮಾತಿಗೆ ಅನ್ನುವ ಹಾಗೆ ಅಂದ, "ನಾನು ಇದ್ದು ಇನ್ನು ಯಾರಿಗೆ ಎಂತ ಆಗ್ಬೇಕು ಮಂಜಣ್ಣ?"

ನನ್ನ ಬಾಯಿಂದ ಅಜ್ಜಮ್ಮ ಮಾತಾಡಿದಳು. "ಬಿಡ್ತು ಅನ್ನು ಮಾರಾಯ! ಬೆಳಿಗ್ಗೆ ಬೆಳಿಗ್ಗೆ ಎಂಥಾ ಮಾತು ಅಂತ ಆಡ್ತಿ? ಅನ್ನು, ಬಿಡ್ತು ಅನ್ನು."

ಅವನು ನನ್ನ ಮುಖ ನೋಡಿದ. ಒಳ್ಳೆಯ ಮಗುವಿನ ಹಾಗೆ, "ಬಿಡ್ತು" ಅಂದ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು. ಯಾರೋ ಬಾಗಿಲು ತಟ್ಟಿದಾಗ ಒಳಗಿಂದ ಚಿಲಕ ಹಾಕಿ, ತಟ್ಟುವುದು ನಿಂತಿತು ಎಂದು ನಿರಾಳವಾದ ಹಾಗೆ. ನಾನು ಮಾಡಿದ್ದು ಅದೇ ಕೆಲಸ.

ಅದಾದ ಮೇಲೆ ಶೇಷಪ್ಪ ಗೆಲುವಾದ. ನಿಜವಾಗಿ ಗೆಲುವಾದ. ಊಟಕ್ಕೆ ಕರೆದರೆ ನಗುತ್ತಿದ್ದ. ಬಸವರಾಜಪ್ಪನವರ ಬಳಿ ಹೋಗಿ, "ನೀವೆಲ್ಲ ನನ್ನ ಚಲೋ ನೋಡ್ಕೊಂಡ್ರಿ" ಎಂದು ಕೈ ಮುಗಿದು ಬಂದ. "ನೋಡು, ಒಗ್ಗಿಕೊಂಡ" ಎಂದು ಬಸವರಾಜಪ್ಪ ಹಿಗ್ಗಿದರು. "ಜೈಲು ಅಂದ್ರೂ ಅಷ್ಟೇ, ಅತ್ತೆಮನೆ ಅಂದ್ರೂ ಅಷ್ಟೇ. ತಿಂಗಳು ಕಳೀಬೇಕು."

ಅಡುಗೆಮನೆಯಲ್ಲಿ ಕಿಟ್ಟಣ್ಣ ಎಂಬ ಕೈದಿ ಇದ್ದ. ಹೊರಗೆ ಮದುವೆ ಅಡುಗೆ ಮಾಡುತ್ತಿದ್ದವನು, ಒಂದು ಮದುವೆಯಲ್ಲಿ ಸೌಟಿನಿಂದ ಹೊಡೆದು ಒಳಗೆ ಬಂದಿದ್ದ. ಪುಷ್ಯ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ಅವನು ನನ್ನನ್ನು ಪಂಪಿನ ಬಳಿ ಕರೆದ. ಹೆಗಲ ಮೇಲೆ ಎರಡು ಕಂಬಳಿ ಹೊದ್ದಿದ್ದ.

"ಮಂಜಣ್ಣ, ಇದೊಂದು ನಂದಲ್ಲ. ಶೇಷಣ್ಣ ಕೊಟ್ಟ."

"ಕೊಟ್ರೆ ಹೊದ್ಕೋ ಮಾರಾಯ. ನಂಗ್ಯಾಕೆ ಹೇಳ್ತಿ?"

"ಅಲ್ಲ ಮಾರಾಯ್ರೆ, ಸ್ವಲ್ಪ ಯೋಚ್ನೆ ಮಾಡಿ. ನಿನ್ನೆ ಸೋಪು ಕೊಟ್ಟ, ಮೊನ್ನೆ ಸ್ವೆಟರು ಒಬ್ಬಂಗೆ ಕೊಟ್ಟ. ಇವತ್ತು ಕಂಬಳಿ. ಈ ಮಳೇಲಿ ನಮ್ ಕಡೆಯವ್ರು ಹೆಂಡ್ತೀನ್ ಬೇಕಾದ್ರೆ ತವರಿಗೆ ಕಳಿಸ್ತಾರೆ, ಕಂಬಳಿ ಕೊಡ್ತಾರಾ?"

ತಮಾಷೆಯ ಮಾತು. ಆದರೆ ಅವನು ನಗುತ್ತಿರಲಿಲ್ಲ. ಕಂಬಳಿ ಕೊಟ್ಟವನಿಗೆ ಮುಂದಿನ ಮಳೆಯ ಯೋಚನೆಯೇ ಇಲ್ಲ ಎಂದು ಆಗ ಹೊಳೆಯಿತು. ಮೇಡಂ ಕೋರ್ಟಿಗೆ ಹೋಗಿದ್ದರು, ಬರುವುದು ಮಧ್ಯಾಹ್ನ. ಕಾಯುವುದಾ, ಕೇಳುವುದಾ? ಅಡುಗೆಮನೆಯ ಜಗಲಿಯಲ್ಲಿ ಶೇಷಪ್ಪ ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದ. ಹೋಗಿ ಎದುರು ಕೂತು ನಾನೂ ಒಂದು ಬಳ್ಳಿ ಎತ್ತಿಕೊಂಡೆ.

"ಕಂಬಳಿ ಯಾಕೆ ಕೊಟ್ಟೆ?"

"ನಂಗೆ ಚಳಿ ಆಗೂದಿಲ್ಲ."

"ಮನ್ಸಿಗೆ ಏನಾದ್ರೂ ಬೇಜಾರಾ?"

"ಎಂತದೂ ಇಲ್ಲ ಮಂಜಣ್ಣ."

"ಏನಾದ್ರೂ... ಹೆಚ್ಚುಕಮ್ಮಿ ಯೋಚ್ನೆ... ಹಂಗೇನಾದ್ರೂ..."

"ಹಂಗೆ ಅಂದ್ರೆ?"

ಹೆಚ್ಚುಕಮ್ಮಿ ಅಂದರೆ ಏನು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಶಬ್ದದ ಸುತ್ತ ಪ್ರದಕ್ಷಿಣೆ ಬಂದರೆ ಇಬ್ಬರೂ ಅಲ್ಲಿಂದ ಸುರಕ್ಷಿತವಾಗಿ ಎದ್ದು ಹೋಗಬಹುದಿತ್ತು. ಬಳ್ಳಿ ಕೆಳಗಿಟ್ಟೆ.

"ಶೇಷಪ್ಪ, ನಿಂಗೆ ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?"

ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಏನೋ ಆಗಿಬಿಡುತ್ತದೆ ಎಂದು ಒಂದು ಕ್ಷಣ ಕಾದೆ. ಏನೂ ಆಗಲಿಲ್ಲ. ಮಾಡಿನ ನೀರು ಬೀಳುತ್ತಲೇ ಇತ್ತು. ಒಳಗೆ ಕಿಟ್ಟಣ್ಣ ಪಾತ್ರೆ ಬಡಿಯುವುದನ್ನು ನಿಲ್ಲಿಸಿದ್ದ. ಶೇಷಪ್ಪ ಕೈಯಲ್ಲಿದ್ದ ಎಲೆಯನ್ನು ತಲೆ ತಗ್ಗಿಸಿಯೇ ಕೆಳಗಿಟ್ಟ.

"ಹೌದು" ಅಂದ. ಆಮೇಲೆ ತಲೆ ಎತ್ತಿ, ಸ್ವಲ್ಪ ಕುಹಕದಲ್ಲೇ ಕೇಳಿದ, "ಈಗ ಬಿಡ್ತು ಅನ್ಬೇಕಾ ಮಂಜಣ್ಣ?"

"ಬೇಡ. ಅವತ್ತು ಅನ್ಸಿದ್ದೇ ತಪ್ಪಾಯ್ತು. ಹೇಳು ನೀನು."

ಹೇಳಿದ. ಅರ್ಧ ಗಂಟೆ ಹೇಳಿದ. ಎಷ್ಟು ದಿನದಿಂದ ಹೀಗೆ ಎನ್ನುವುದನ್ನು, ನಿದ್ದೆ ಬರುತ್ತದೆ ಎಂದದ್ದು ಸುಳ್ಳು ಎನ್ನುವುದನ್ನು, ಕಣ್ಣು ಮುಚ್ಚಿದರೆ ಜೀಪು ವಾಲುವುದನ್ನು. ನಾನು ಮಧ್ಯೆ ಬುದ್ಧಿ ಹೇಳಲಿಲ್ಲ. ಹೇಳಲು ನನ್ನ ಬಳಿ ಇರಲೂ ಇಲ್ಲ. ಕೊನೆಗೆ ಅಂದ, "ಹದಿನೆಂಟು ವರ್ಷ ಅವ್ರೆಲ್ಲರನ್ನ ಹೊತ್ತು ತಿರುಗಿದೆ. ಒಂದು ನರಪಿಳ್ಳೆ ಬರ್ಲಿಲ್ಲ. ಸರೋಜನೂ ಬರ್ಲಿಲ್ಲ. ಊರಿಗೆ ಊರೇ ನನ್ನ ಬಿಟ್ಟಾಗಿದೆ. ನಾನು ಹೋದ್ರೆ ಅವ್ರಿಗೂ ಒಂದು ಲೆಕ್ಕ ಚುಕ್ತಾ ಆಗ್ತದೆ."

ಮೇಡಂ ಬರುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಇಬ್ಬರೂ ಸೇರಿ ಬಿಡಿಸಿದ ಬಸಳೆ ಎರಡು ಹೊತ್ತಿಗೆ ಆಯಿತು.

ವಿಷಯ ಕೇಳಿ ಬಸವರಾಜಪ್ಪ ಹೆದರಿದರು. "ಮೇಡಂ, ಸೆಲ್ಲಿಗೆ ಹಾಕೋಣ. ಒಬ್ನೇ ಇದ್ರೆ ಕಾಯೋದು ಸುಲಭ." ನಮ್ಮ ಹಳೆಯ ರೀತಿ ಅದೇ ಆಗಿತ್ತು.

"ಬ್ಯಾಡ್ರೀ" ಅಂದರು ಮೇಡಂ. "ಒಬ್ಬನ್ನs ಹಾಕಿದ್ರ ಅವನ ಜೋಡಿ ಮಾತಾಡಾಕ ಆ ವಿಚಾರ ಒಂದs ಉಳಿತದ. ಮಂದ್ಯಾಗ ಇರ್ಲಿ." ಕಿಟ್ಟಣ್ಣನನ್ನು ಕರೆದು, ಹಗಲು ಅಡುಗೆಮನೆಯಲ್ಲಿ, ರಾತ್ರಿ ಪಕ್ಕದ ಹಾಸಿಗೆಯಲ್ಲಿ ಶೇಷಪ್ಪನ ಜೊತೆ ಇರಬೇಕು ಎಂದರು. ಒಬ್ಬ ವಾರ್ಡರ್ ಸದಾ ಕಣ್ಣಳತೆಯಲ್ಲಿ ಇರುವಂತೆ ಪಾಳಿ ಹಾಕಿದರು. ಅದೇ ಮಧ್ಯಾಹ್ನ ವ್ಯಾನು ತರಿಸಿ ಡಾಕ್ಟರ ಬಳಿ ಕಳಿಸಿದರು. ಮನಸ್ಸಿನ ಕಾಯಿಲೆಯ ಡಾಕ್ಟರು ಮಾತ್ರೆ ಬರೆದು, ವಾರಕ್ಕೊಮ್ಮೆ ಕರೆತನ್ನಿ ಅಂದರು. ಆಮೇಲೆ ಮೇಡಂ ನನ್ನನ್ನು ಕೂರಿಸಿಕೊಂಡು, ಯಾರೂ ಕೇಳದಿದ್ದ ಮಾತು ಕೇಳಿದರು.

"ಯಾಕ ಯಾರೂ ಬಂದಿಲ್ಲ ಇವಂಗ?"

"ಸಿಟ್ಟಿರ್ತದೆ ಮೇಡಂ."

"ನೀವು ಕೇಳೀರೇನು?"

ಆ ಮೇಡಂಗೆ ಇದೊಂದು ಚಟ. ಕೇಳಿದ್ದೀರಾ? ಕೇಳಿದ್ದೀರಾ? ಮರುದಿನ ನನ್ನ ವಾರದ ರಜೆ. ಹೊರಡುವ ಮೊದಲು ಶೇಷಪ್ಪನನ್ನೇ ಕೇಳಿದೆ, ಊರಿನಲ್ಲಿ ಈ ವಿಷಯ ಹೇಳಲಾ ಎಂದು. "ಹೇಳಿ. ಹೇಳಿದ್ರೂ ಯಾರು ಬತ್ತಾರೆ" ಅಂದ.

ಕೆರೆಕಟ್ಟೆಯಲ್ಲಿ ಬಸ್ಸಿಳಿದಾಗ ಹತ್ತು ಗಂಟೆ. ಅಲ್ಲಿಂದ ನಡಿಗೆ. ಛತ್ರಿ ಇದ್ದೂ ಇಲ್ಲದ ಹಾಗೆ. ಪ್ಯಾಂಟಿನ ಮೇಲೆ ರಕ್ತ ಹೀರುವ ಇಂಬಳ ಹತ್ತಿದ್ದನ್ನು ಕಿತ್ತೆಸೆಯುತ್ತಾ ಮೂರನೇ ಮೈಲಿ ದಾಟಿದಾಗ, ರಸ್ತೆ ಕುಸಿದ ಜಾಗ ಬಂತು. ಕೆಳಗೆ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಒಂದು ಮೈಲಿ ನಡೆಯುವಷ್ಟರಲ್ಲಿ ಎದುರಿಗೆ ಇಬ್ಬರು ಹೆಂಗಸರು ತಲೆಯ ಮೇಲೆ ಪಡಿತರದ ಖಾಲಿ ಚೀಲ ಹೊದ್ದು ಬರುತ್ತಿದ್ದರು. "ಎಲ್ಲಿಗೆ ಅಮ್ಮಾ?" ಎಂದರೆ, "ಅಕ್ಕಿ ತರ್ಲಿಕ್ಕೆ. ನಡ್ದೇ ಹೋಗ್ಬೇಕಲ್ಲ ಈಗ, ಶೇಷಣ್ಣ ಇಲ್ಲಲ್ಲ" ಅಂದರು.

ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಇಷ್ಟು ಸರಳವಾದದ್ದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಆ ಊರಿನಿಂದ ಹೊರಗೆ ಬರಲು ಇದ್ದದ್ದು ಒಂದೇ ಗಾಡಿ. ಅದು ಠಾಣೆಯ ಅಂಗಳದಲ್ಲಿತ್ತು. ಓಡಿಸುವವನು ನಮ್ಮ ಜೈಲಿನಲ್ಲಿದ್ದ.

ಸರೋಜಮ್ಮ ಕಾಲಿಗೆ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಒಲೆಯ ಬದಿಯಲ್ಲಿ ಕೂತಿದ್ದಳು. ನಾನು ಯಾರೆಂದು ಹೇಳುತ್ತಿದ್ದಂತೆ ಅಳತೊಡಗಿದಳು. "ಹೆಂಗೆ ಬರ್ಲಿ ಅಣ್ಣಾ? ಎರಡು ಕಾಗದ ಬರೆಸಿ ಕೊಟ್ಟೆ, ಪೇಟೆಗೆ ಹೋಗೋರ ಕೈಲಿ. ಮುಟ್ಟಿಲ್ವಾ?" ಮುಟ್ಟಿರಲಿಲ್ಲ. ಒಂದು ಕಾಗದ ಇನ್ನೂ ಕೆಳಗಿನ ಮನೆಯ ಹುಡುಗಿಯ ಪುಸ್ತಕದಲ್ಲೇ ಇತ್ತು. ನೆಂದು ಶಾಯಿ ಹರಡಿತ್ತು. ಆಚೀಚೆ ಮನೆಯವರು ಬಂದು ನಿಂತರು. ಅವರ ಮಾತು ಕೇಳಿದರೆ ಇನ್ನೊಂದು ವಿಚಿತ್ರ. ಅವನಿಗೇ ಮುಖ ತೋರಿಸಲು ನಾಚಿಕೆಯಾಗಿ ಯಾರನ್ನೂ ನೋಡುವುದಿಲ್ಲ ಅನ್ನುತ್ತಿದ್ದಾನಂತೆ ಎಂದು ಅವರೂ ನಂಬಿಕೊಂಡಿದ್ದರು. ಯಾರು ಹೇಳಿದ್ದು ಎಂದರೆ ಯಾರಿಗೂ ಗೊತ್ತಿಲ್ಲ.

ಗಿರಿಯಪ್ಪನವರ ಮನೆ ಪಕ್ಕದಲ್ಲೇ, ಕಡಿದಾದ ಮಣ್ಣಿನ ದರೆಯ ಮೇಲೆ. ಅರವತ್ತು ದಾಟಿದ ಒಣಕಲು ಮನುಷ್ಯ. ಜಗಲಿಯಲ್ಲಿ ಕೂರಿಸಿ ಕಾಫಿ ತಾವೇ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಹೆಂಡತಿ ಇಲ್ಲದ ಅಡುಗೆಮನೆ.

"ಅವ ಊಟ ಮಾಡ್ತಾನಾ?" ಎಂದು ಕೇಳಿದರು.

ಸುತ್ತಿ ಬಳಸಿ ಹೇಳಬಹುದಿತ್ತು. ಆದರೆ ಒಮ್ಮೆ ಆಡಿದ ನಾಲಿಗೆಗೆ ಎರಡನೇ ಸಲ ಅಷ್ಟು ಭಾರವಾಗಲಿಲ್ಲ. "ಅವನಿಗೆ ಸಾಯಬೇಕು ಅನ್ನಿಸ್ತಾ ಇದೆ ಗಿರಿಯಪ್ಪನೋರೆ" ಅಂದೆ. ಅವರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ನಾನು ಕಾದು ಕಾದು ಇಳಿದು ಬಂದೆ.

ಮುಂದಿನ ಭೇಟಿಯ ದಿನ ಗೇಟಿನ ಮುಂದೆ ಒಂದು ಮೀನಿನ ಪಿಕಪ್ಪು ಬಂದು ನಿಂತಿತು. ಘಾಟಿ ಹತ್ತಿ ಬರುವ ಗಾಡಿಯನ್ನು ಕೆರೆಕಟ್ಟೆಯಲ್ಲಿ ತಡೆದು ಹತ್ತಿದ್ದರು. ಅಲ್ಲಿಯವರೆಗೆ ಸರೋಜಮ್ಮನನ್ನು ಕುರ್ಚಿಗೆ ಕೋಲು ಕಟ್ಟಿ ಹೊತ್ತು ತಂದಿದ್ದರು, ಆರು ಜನ ಸರದಿಯ ಮೇಲೆ. ಬಸವರಾಜಪ್ಪ ಮೂಗು ಮುಚ್ಚಿಕೊಂಡು, "ಜೈಲಿಗೆ ಇದೊಂದು ವಾಸನೆ ಬಾಕಿ ಇತ್ತು" ಎಂದರು. ಆದರೆ ಕುರ್ಚಿ ಇಳಿಸಲು ಮೊದಲು ಕೈ ಹಾಕಿದವರೂ ಅವರೇ.

ಗಂಡ ಹೆಂಡಿರು ಮಾತಾಡಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಎಲ್ಲರದೂ ಆದಮೇಲೆ, ಹಿಂದೆ ಗೋಡೆಗೆ ಒರಗಿ ನಿಂತಿದ್ದ ಗಿರಿಯಪ್ಪನವರು ಜಾಲರಿಯ ಮುಂದೆ ಬಂದರು. ಅವರನ್ನು ಕಂಡದ್ದೇ ಶೇಷಪ್ಪ ಎರಡು ಹೆಜ್ಜೆ ಹಿಂದೆ ಸರಿದ. ನಾನು ಅವನ ಬೆನ್ನಿಗೆ ನಿಂತಿದ್ದೆ. ಈ ಮನುಷ್ಯ ಈಗ ಒಂದು ಮಾತು ಅಂದರೆ ಇವನು ಉಳಿಯುತ್ತಾನೆ, ಇನ್ನೊಂದು ಅಂದರೆ ಇಲ್ಲ. ಯಾವ ಮಾತು ಎಂದು ಹೇಳಿಕೊಡಲು ನನಗೆ ಗೊತ್ತಿರಲಿಲ್ಲ.

"ತಲೆ ಎತ್ತೋ ಶೇಷ."

ಅವನು ಎತ್ತಲಿಲ್ಲ.

"ನಿನ್ ಮೇಲೆ ನಂಗೆ ಸಿಟ್ಟಿದೆ. ಸುಳ್ಳು ಹೇಳೂದಿಲ್ಲ. ಹನ್ನೆರಡು ಜನ ಹತ್ತಿಸ್ಬೇಡ ಅಂತ ಎಷ್ಟು ಸಲ ಹೇಳಿದ್ದೆ?"

"ಹೇಳಿದ್ರಿ."

"ಹತ್ತಿದ್ದು ನಾವೇ ಅಂತಾನೂ ಗೊತ್ತು. ಅವತ್ತು ನಮ್ಮನೆಯವಳೇ ಅಂದ್ಲಂತೆ, ಇನ್ನೊಬ್ರು ಹಿಡೀತಾರೆ, ಒತ್ತಿ ಕೂರಿ ಅಂತ. ಗೊತ್ತಿದ್ರೂ ಸಿಟ್ಟು ಹೋಗೂದಿಲ್ಲ. ಬೆಳಿಗ್ಗೆ ಎದ್ರೆ ಸಿಟ್ಟು, ಕಾಫಿ ಕುಡಿದ್ರೆ ಸಿಟ್ಟು." ಜಾಲರಿಗೆ ಬೆರಳು ಕೊಟ್ಟು ಹಿಡಿದರು. "ಈಗ ನೀನೂ ಹೋದ್ರೆ ನಾನು ಆ ಸಿಟ್ಟನ್ನ ಯಾರ ಮೇಲೆ ಮಾಡೂದು? ಮಳೆ ಮೇಲಾ? ಇರು ಮಾರಾಯ. ಊರಿಗೆ ಬಾ. ಬಂದು ಬೈಸ್ಕೋ."

ಶೇಷಪ್ಪ ನಿಂತಲ್ಲೇ ಕುಸಿದು, ಬಂದ ದಿನದಿಂದ ಮೊದಲ ಸಲ, ಗಟ್ಟಿಯಾಗಿ ಅತ್ತ. ಭೇಟಿಯ ಸಮಯ ಮುಗಿದಿತ್ತು. ಗಂಟೆ ಹೊಡೆಯಬೇಕಾದ ಬಸವರಾಜಪ್ಪ ಗಂಟೆಯ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಮಳೆ ನೋಡುತ್ತಿದ್ದರು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಆಶ್ಲೇಷ ಮಳೆಯಲ್ಲಿ ಮತ್ತೆ ನಾಲ್ಕು ದಿನ ಅವನಿಗೆ ಬಹಳ ಕೆಟ್ಟದಾಗಿತ್ತು. ವ್ಯತ್ಯಾಸ ಇಷ್ಟೇ, ಕೆಟ್ಟದಾದಾಗ ಅವನೇ ಬಂದು, "ಮಂಜಣ್ಣ, ಇವತ್ತು ಹೌದು" ಎಂದು ಹೇಳುತ್ತಿದ್ದ. ನಾನು ಹೋಗಿ ಜೊತೆಯಲ್ಲಿ ಕೂರುತ್ತಿದ್ದೆ. ಮಾತ್ರೆ, ಡಾಕ್ಟರು, ಕಿಟ್ಟಣ್ಣನ ಮದುವೆಮನೆ ಕಥೆಗಳು ಎಲ್ಲ ಸೇರಿ ಹೊತ್ತು ದೂಡಿದವು. ಕಿಟ್ಟಣ್ಣ ಕಂಬಳಿಯನ್ನು ವಾಪಸು ಕೊಡುವಾಗ, "ತಗೋ ಮಾರಾಯ, ನಿನ್ ಕಂಬಳೀಲಿ ತಿಗಣೆ ಜಾಸ್ತಿ" ಎಂದು ಬೈದೇ ಕೊಟ್ಟ.

ಹಳೆಯ ಕಾಗದಗಳನ್ನೆಲ್ಲ ಮೇಡಂ ಒಂದು ದಿನ ಮೇಜಿನ ಮೇಲೆ ಹರಡಿಕೊಂಡರು. "ಇದೇನ್ರೀ, ಐದನೇದಕ್ಕ ಅಷ್ಟೂ ಮಂದಿದು ‘ಇಲ್ಲ’ ಅಂತ ಒಂದs ಉತ್ತರ ಅದ?" ಬಸವರಾಜಪ್ಪ, ನಾನು ಇಬ್ಬರೂ ತಲೆ ತಗ್ಗಿಸಿ ಒಪ್ಪಿಕೊಂಡೆವು. ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು ಹೊಸದಾಗಿ ಕೇಳಿದೆವು. ಬಸವರಾಜಪ್ಪ ಕೇಳುವ ಮೊದಲು ಶಿವಶಿವಾ ಅಂದು, ಕೇಳಿದ ಮೇಲೆ ಶಿವಶಿವಾ ಅಂದರು. ಹೆಚ್ಚಿನವರು ಇಲ್ಲ ಅಂದರು. ಕೆಲವರು ನಕ್ಕರು. ಇಬ್ಬರು, ನಾವು ಕನಸಿನಲ್ಲೂ ಅಂದುಕೊಳ್ಳದ ಇಬ್ಬರು, ಹೌದು ಅಂದರು.

ಒಂದು ಪ್ರಶ್ನೆಯೊಳಗೆ ಏನಿರುತ್ತದೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಅಜ್ಜಮ್ಮ ಹೇಳಿಕೊಟ್ಟದ್ದು ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಕೆಟ್ಟ ಮಾತಿನಿಂದ ನಮ್ಮನ್ನು ಕಾಯಬೇಕು ಎನ್ನುವುದು ಅವಳ ಪ್ರೀತಿ. ಆದರೆ ಆ ಮಾತು ಆಗಲೇ ಒಬ್ಬನ ಒಳಗೆ ಬಂದು ಕೂತಿದ್ದರೆ, ಬಿಡ್ತು ಅನ್ನಿಸಿ ಅವನೊಬ್ಬನನ್ನೇ ಅದರ ಜೊತೆ ಒಳಗೆ ಕೂಡಿಹಾಕಿದ ಹಾಗಾಗುತ್ತದೆ. ಈಗ ಮನೆಯಲ್ಲೂ ಮೊಮ್ಮಕ್ಕಳಿಗೆ ನಾನು ಬಿಡ್ತು ಅನ್ನಿಸುವುದುಂಟು. ಅನ್ನಿಸಿದ ಮೇಲೆ, "ಯಾಕೆ ಹಂಗಂದೆ?" ಎಂದೂ ಕೇಳುತ್ತೇನೆ.

ಶೇಷಪ್ಪನಿಗೆ ದಸರಾ ಹೊತ್ತಿಗೆ ಜಾಮೀನು ಸಿಕ್ಕಿತು. ಮುಂದೆ ಕೇಸಿನಲ್ಲಿ ದೊಡ್ಡ ಕಲಮು ನಿಲ್ಲಲಿಲ್ಲ. ಚಿಕ್ಕದಕ್ಕೆ ಶಿಕ್ಷೆಯಾಯಿತು, ಅದನ್ನೂ ಮುಗಿಸಿದ. ಊರಿಗೆ ಹೋದವನು ಮತ್ತೆ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಕೂತ. ತೋಟದ ಕೂಲಿಗೆ ಹೋಗುತ್ತಿದ್ದ. ಗಿರಿಯಪ್ಪನವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಬೈಯುತ್ತಿದ್ದರಂತೆ.

ಇನ್ನೊಂದು ಸಂಗತಿ ಗಿರಿಯಪ್ಪನವರೇ ಶೃಂಗೇರಿಯಲ್ಲಿ ಸಿಕ್ಕಾಗ ನನಗೆ ಹೇಳಿದ್ದು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ತಮ್ಮ ಮನೆಯ ದರೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆ ಹೊತ್ತಿಗೆ ಊರಿನ ಒಬ್ಬರು ಪಿಕಪ್ಪು ತೆಗೆದುಕೊಂಡಿದ್ದರು. ಗಾಡಿ ಇತ್ತು, ಅದನ್ನು ಓಡಿಸುವ ಆ ಮನೆಯ ಮಗ ಊರಲ್ಲಿರಲಿಲ್ಲ. ಓಡಿಸಲು ಬರುವವನು ಒಬ್ಬನೇ. ಸರೋಜಮ್ಮ ಹೋಗಿ ಕರೆದಳು. ಶೇಷಪ್ಪ ಬಂದ, ಗಾಡಿಯ ಸುತ್ತ ಎರಡು ಸುತ್ತು ಬಂದ, ಹತ್ತಿ ಕೂತ.

ದಾರಿಯುದ್ದಕ್ಕೂ ಎರಡನೇ ಗೇರು ಬಿಟ್ಟು ಮೂರಕ್ಕೆ ಹಾಕಲಿಲ್ಲವಂತೆ. ಪ್ರತಿ ತಿರುವಿನಲ್ಲೂ ನಿಲ್ಲಿಸಿ ನೋಡಿ ಹೊರಡುತ್ತಿದ್ದನಂತೆ. ಗಿರಿಯಪ್ಪನವರು ಕಾಲು ಹಿಡಿದುಕೊಂಡು, "ಹಿಂಗೆ ಹೋದ್ರೆ ಶೃಂಗೇರಿ ಮುಟ್ಟೋ ಹೊತ್ತಿಗೆ ಮೂಳೆ ತಾನಾಗೇ ಕೂಡಿರ್ತದೆ! ಒತ್ತೋ ಮಾರಾಯ!" ಎಂದು ಬೈದರು. ಶೇಷಪ್ಪ ಒತ್ತಲಿಲ್ಲ.

ಆಸ್ಪತ್ರೆಯ ಮುಂದೆ ಗಾಡಿ ನಿಂತಾಗ ಹನ್ನೊಂದಾಗಿತ್ತು. ಶೇಷಪ್ಪ ಇಳಿದು ಬಂದು ಬಾಗಿಲು ತೆಗೆದು, ತಿರುಗಿ, ಬೆನ್ನು ಬಾಗಿಸಿ ನಿಂತ. ಗಿರಿಯಪ್ಪನವರು ಬೈಯುತ್ತಲೇ ಅವನ ಕೊರಳಿಗೆ ಕೈ ಹಾಕಿ ಬೆನ್ನೇರಿದರು.